ಗಿಳಿಯ ಬಾಯಿಗೆ ಇಟ್ಟ ಕಾಳು

ಹೋದ ತಿಂಗಳು ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಕೊಟ್ಟೂರಿಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಬಂದರೆ ಅಲ್ಲಿ ಚಾಪೆಯ ಮೇಲೆ ಯಾರೋ ಒಂದು ಬಿಳಿ ಲೇಸು ಹರವಿದ್ದರು. ಅನ್ನದ ಗಂಜಿಯಲ್ಲಿ ಅದ್ದಿ, ಅಂಚು ಎಳೆದು, ಸುತ್ತಲೂ ಗುಂಡುಸೂಜಿ ಚುಚ್ಚಿ ಬಿಸಿಲಿಗೆ ಬಿಟ್ಟಿದ್ದರು. ಗಂಜಿ ಒಣಗುವಾಗಿನ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತೈದು ವರ್ಷದ ಹಿಂದಿನ ಹೊಟ್ಟೆಕಿಚ್ಚು ಎದ್ದು ಕೂತಿತು. ಬೇರೆಯವರಿಗೆ ಇಂಥ ವಾಸನೆಯಿಂದ ತವರು ನೆನಪಾಗುತ್ತದೆ, ಹಬ್ಬ ನೆನಪಾಗುತ್ತದೆ. ನನಗೆ ನೆನಪಾದವಳು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಸರೋಜ.

ಅದು ಎಪ್ಪತ್ತೆಂಟನೆಯ ಇಸವಿ. ಕೊಟ್ಟೂರಿನಲ್ಲಿ ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಮ್ಮ ಯಜಮಾನರು ಅದೇ ಮಿಲ್ಲಿನಲ್ಲಿ ಗುಮಾಸ್ತರು, ಮೈದುನ ಪ್ರೈಮರಿ ಶಾಲೆಯ ಮಾಸ್ತರ. ಮಾವ ತೀರಿಹೋಗಿ ಬಹಳ ದಿನವಾಗಿತ್ತು, ಮನೆ ನಡೆಯುತ್ತಿದ್ದುದು ಅತ್ತೆಯ ಮಾತಿನ ಮೇಲೆ. ನಾನು ಕೂಡ್ಲಿಗಿಯಿಂದ ಆ ಮನೆಗೆ ಬಂದು ಏಳು ವರ್ಷವಾಗಿತ್ತು. ಏಳು ವರ್ಷವೂ ಒಬ್ಬಳೇ ಸೊಸೆ. ಒಬ್ಬಳೇ ಸೊಸೆಯಾಗಿರುವುದರ ಸುಖ ಇನ್ನೊಬ್ಬಳು ಬರುವ ತನಕ ಗೊತ್ತಾಗುವುದಿಲ್ಲ. ಅತ್ತೆ ಬೈದರೂ ನನ್ನನ್ನೇ ಬೈಯಬೇಕು, ಹೊಗಳಿದರೂ ನನ್ನನ್ನೇ ಹೊಗಳಬೇಕು. ಬಂದವರ ಮುಂದೆ 'ನಮ್ಮ ಗಿರಿಜಾ ಮಾಡಿದ್ದು' ಎಂದು ತೋರಿಸಲು ಇದ್ದದ್ದೂ ನನ್ನ ಕೈಕೆಲಸವೇ. ತಲೆಬಾಗಿಲಿಗೆ ನಾನು ತವರಿನಿಂದ ಪೋಣಿಸಿ ತಂದ ಮಣಿ ತೋರಣ ಏಳು ವರ್ಷ ತೂಗಿತ್ತು. ನೀಲಿ, ಹಳದಿ, ಕೆಂಪು ಮಣಿ. ಗಾಳಿ ಬಿಟ್ಟರೆ ಸಣ್ಣಗೆ ಸದ್ದು ಮಾಡುತ್ತಿತ್ತು, ಆ ಸದ್ದು ಕೇಳಿದರೆ ಈ ಮನೆ ನನ್ನದು ಅನ್ನಿಸುತ್ತಿತ್ತು.

ಯುಗಾದಿ ಕಳೆದ ಮೇಲೆ ಮೈದುನನ ಮದುವೆಯಾಗಿ ಸರೋಜ ಬಂದಳು. ಹಡಗಲಿ ಕಡೆಯ ಮಾಗಳದ ಹುಡುಗಿ, ಹೊಳೆದಂಡೆಯವಳು. ಇಪ್ಪತ್ತು ದಾಟಿರಲಿಲ್ಲ. ಮಾತು ಕಮ್ಮಿ, ತಲೆ ಎತ್ತಿ ನೋಡುವುದು ಇನ್ನೂ ಕಮ್ಮಿ. ಪಾಪದ ಹುಡುಗಿ, ಇವಳಿಂದ ನನಗೇನೂ ತೊಂದರೆಯಿಲ್ಲ ಎಂದುಕೊಂಡೆ. ಮೂರನೆಯ ದಿನ ಅವಳು ಟ್ರಂಕು ತೆರೆದಳು.

ಎಲ್ಲ ಬಿಳಿ. ದಿಂಬಿನ ಅಂಚು ಬಿಳಿ, ಟೇಬಲ್ ಕ್ಲಾತು ಬಿಳಿ, ರೇಡಿಯೋ ಮುಚ್ಚುವ ಬಟ್ಟೆ ಬಿಳಿ. ಕ್ರೋಶಾ ಕಡ್ಡಿಯಲ್ಲಿ ಹೆಣೆದದ್ದು. ಆದರೆ ನಮ್ಮ ಓಣಿಯ ಹುಡುಗಿಯರು ಹಾಕುವಂಥ ದುಂಡನೆಯ ಹೂವಿನ ಲೇಸಲ್ಲ. ಪೂರ್ತಿ ಚೌಕ ಚೌಕ. ಚೌಕಾಬಾರದ ಹಾಗೆ ಒಂದೊಂದು ಚೌಕಕ್ಕೂ ಅವಳು ಮನೆ ಅನ್ನುತ್ತಿದ್ದಳು. ಕೆಲವು ಮನೆ ಖಾಲಿ, ಕೆಲವು ಮನೆಗೆ ದಾರ ತುಂಬಿಸಿ ಗಟ್ಟಿ ಮಾಡಿದ್ದು. ಹತ್ತಿರದಿಂದ ನೋಡಿದರೆ ಬರೀ ಜಾಲರಿ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ತುಂಬಿದ ಮನೆಗಳೆಲ್ಲ ಕೂಡಿ ಒಂದು ಬಳ್ಳಿ, ಒಂದು ಹಂಸ, ಒಂದು ದ್ರಾಕ್ಷಿ ಗೊಂಚಲು. ಕೊನೆಗೆ ಅವಳು ತೆಗೆದದ್ದು ಬಾಗಿಲ ಲೇಸು. ಗೇಣಗಲ, ಬಾಗಿಲು ಎಷ್ಟು ಅಗಲವೋ ಅಷ್ಟು ಉದ್ದ. ಅದರಲ್ಲಿ ಮೂರು ಜೋಡಿ ಗಿಳಿ, ಒಂದಕ್ಕೊಂದು ಮುಖಮಾಡಿ ಕೂತಿದ್ದವು. ರೆಕ್ಕೆಯ ಗರಿ ಕೂಡ ಎಣಿಸಬಹುದಾಗಿತ್ತು.

ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿದರು. ಆಮೇಲೆ ನನ್ನ ಕಡೆ ತಿರುಗಿ, ಉಪ್ಪು ತಗೊಂಡು ಬಾ ಅನ್ನುವಷ್ಟು ಸಲೀಸಾಗಿ ಹೇಳಿದರು. "ಗಿರಿಜಾ, ಆ ಮಣಿ ತೋರಣ ತಗದ್ಬಿಡು. ಇದನ್ನ ಕಟ್ಟೋಣು."

"ತೂತು ಬಟ್ಟಿ ಐತ್ರಿ ಅತ್ತಿ. ಮಿಲ್ಲಿನ ಧೂಳು ಹಿಡದು ಎಂಟು ದಿನದಾಗ ಕರ್‍ರಗಾಗ್ತೈತಿ," ಎಂದೆ.

"ಕರ್‍ರಗಾದ್ರ ತೊಳಿಯೋದು. ತೂತು ಇದ್ರ ಗಾಳಿನರ ಬರ್ತೈತಿ ಬಿಡು."

ಸ್ಟೂಲು ಹತ್ತಿ ತೋರಣ ಬಿಚ್ಚಿದವಳು ನಾನೇ. ಅದು ಬಚ್ಚಲ ಬಾಗಿಲಿಗೆ ಹೋಯಿತು. ಸರೋಜ ಸ್ಟೂಲು ಹಿಡಿದುಕೊಂಡು, "ಅಕ್ಕಾ, ನಿಮ್ಮ ತೋರಣನೂ ಭಾಳ ಚಂದ ಐತ್ರಿ" ಅಂದಳು. ನಿಜವಾಗಿಯೂ ಅಂದಳೋ ಸಮಾಧಾನಕ್ಕೆ ಅಂದಳೋ, ನನಗಂತೂ ಗಾಯಕ್ಕೆ ಖಾರ ಹಾಕಿದಂತಾಯಿತು. ಕೆಟ್ಟವಳಾಗಿದ್ದರೆ ಜಗಳವಾಡಬಹುದಿತ್ತು. ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಒಳಗೊಳಗೇ ಬೇಯಬೇಕಾಗುತ್ತದೆ.

ಆಮೇಲೆ ಶುರುವಾಯಿತು ನೋಡಿ. ಓಣಿಯವರು ಬೆಂಕಿ ಕೇಳಲು ಬಂದರೂ, ಮಜ್ಜಿಗೆ ಕೇಳಲು ಬಂದರೂ ಬಾಗಿಲಲ್ಲಿ ನಿಂತು ಕತ್ತು ಎತ್ತುತ್ತಿದ್ದರು. "ಯಾರ್ ಹಾಕಿದ್ದು ಇದು?" "ನಮ್ಮ ಸಣ್ಣ ಸೊಸಿ." ಈ ಎರಡು ಮಾತು ನಾನು ದಿನಕ್ಕೆ ಎಷ್ಟು ಸಲ ಕೇಳಿದೆನೋ. ನಾನು ರೊಟ್ಟಿ ಬಡಿಯುತ್ತಾ ಒಳಗೆ ಕೇಳಿಸಿಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ನನ್ನ ರೊಟ್ಟಿಗಳು ಬಹಳ ತೆಳ್ಳಗೆ ಬರುತ್ತಿದ್ದವು, ಅಷ್ಟು ಜೋರಾಗಿ ಬಡಿಯುತ್ತಿದ್ದೆ.

ಕಲಿಯೋಣವೆಂದು ನೋಡಿದೆ, ಅದನ್ನೂ ಹೇಳಿಬಿಡುತ್ತೇನೆ. ಸರೋಜ ತಾನಾಗಿಯೇ ಕೇಳಿದ್ದಳು. "ಕಲಸ್ತೀನಿ ಬರ್ರಿ ಅಕ್ಕಾ, ಎರಡು ದಿನದಾಗ ಬರ್ತೈತಿ." ಅವಳ ಮುಂದೆ ಶಿಷ್ಯಳಾಗಿ ಕೂರಲು ಮನಸ್ಸು ಬರಲಿಲ್ಲ. "ನನಗ ಮಕ್ಕಳು ಮರಿ ನೋಡ್ಕೊಳ್ಳಾಕ ಟೈಮಿಲ್ಲವ್ವ, ನೀ ಹಾಕು" ಅಂದೆ. ಆಮೇಲೆ ಸಂತೆಯಲ್ಲಿ ಒಂದು ಕ್ರೋಶಾ ಕಡ್ಡಿ ಕೊಂಡು, ಹಿತ್ತಲ ದನದ ಕೊಟ್ಟಿಗೆಯಲ್ಲಿ ಕೂತು ಕದ್ದು ಹೆಣೆದೆ. ಸರಪಳಿ ಹಾಕುವುದು ಬಂತು. ಸರಪಳಿ ಅಂದರೆ ಅವಳದು ಮೊಗ್ಗಿನ ದಂಡೆಯ ಹಾಗಿರುತ್ತಿತ್ತು, ನನ್ನದು ಎಮ್ಮೆ ಕಟ್ಟುವ ಹಗ್ಗ. ಕೈಬೆವರಿಗೆ ಬಿಳಿ ದಾರ ಕಪ್ಪಾಯಿತು. ಎಂಟು ದಿನ ಆದ ಮೇಲೆ ಒಲೆಗೆ ಹಾಕಿದೆ.

ಮುಂಗಾರು ಹಿಡಿದು, ಶೇಂಗಾ ಬಿತ್ತನೆ ಮುಗಿದು, ಆಷಾಢ ಹಿಡಿಯುವ ಮುಂಚೆ ನಾದಿನಿ ಪಾರ್ವತಿಯ ಮದುವೆ ಗೊತ್ತಾಯಿತು. ಗಂಡು ಹಗರಿಬೊಮ್ಮನಹಳ್ಳಿಯವರು. ಹುಡುಗಿ ನೋಡಲು ಬಂದ ಬೀಗಿತಿ ಒಳಗೆ ಕಾಲಿಡುವ ಮೊದಲು ಬಾಗಿಲ ಲೇಸು ನೋಡಿದರು. "ಹುಡುಗಿಗೂ ಇದು ಬರ್ತೈತೇನ್ರಿ?" ಎಂದು ಕೇಳಿದರು. ಪಾರ್ವತಿಗೆ ಗುಂಡಿ ಹಚ್ಚುವುದು ಕೂಡ ಸರಿಯಾಗಿ ಬರುತ್ತಿರಲಿಲ್ಲ. ಅತ್ತೆ ನಗುತ್ತಾ, "ನಮ್ಮ ಮನ್ಯಾಗ ಎಲ್ಲಾರಿಗೂ ಬರ್ತೈತ್ರಿ" ಅಂದುಬಿಟ್ಟರು. ಅವರು ಹೋದ ಮೇಲೆ ಸರೋಜಳನ್ನು ಕೂರಿಸಿಕೊಂಡು ಹೇಳಿದರು. "ಪಾರಿಗೆ ಒಂದು ಸೆಟ್ಟು ಹಾಕಿಕೊಡವ್ವಾ. ಹಾಸಿಗಿಗೆ ಸುತ್ತ ಅಂಚು, ಎರಡು ದಿಂಬು. ಇವೇ ಗಿಳಿ ಬರಲಿ. ದೀಪಾವಳಿ ಮಗ್ಗಲಿಗೆ ಮದುವಿ." ನನ್ನ ಕಡೆ ತಿರುಗಿ, "ಗಿರಿಜಾ, ಅಲ್ಲೀತನಕ ಅಡಿಗಿ ನೀರು ನೀನ ನೋಡ್ಕೊ. ಅದರ ಕೈ ಹೊಲಸಾಗಬಾರದು."

ಅದರ ಕೈ ಹೊಲಸಾಗಬಾರದು! ಏಳು ವರ್ಷ ಬೂದಿಯಲ್ಲಿ ಪಾತ್ರೆ ತಿಕ್ಕಿದ ನನ್ನ ಕೈ ನೋಡಿಕೊಂಡೆ. ಆ ದಿನ ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಮೊದಲಿನ ಹಾಗೆ ಹೊಗೆಯಾಡುವಂಥದ್ದಲ್ಲ.

ದಾರ ತರಲು ಇಬ್ಬರೂ ಹರಪನಹಳ್ಳಿಗೆ ಹೋದೆವು. ಕೊಟ್ಟೂರಿನ ಅಂಗಡಿಯಲ್ಲಿ ಆ ನಂಬರಿನ ಸಣ್ಣ ದಾರ ಸಿಗುತ್ತಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಜಿಟಿಜಿಟಿ ಮಳೆ, ಕಿಟಕಿಗೆ ತಗಡಿನ ಪರದೆ ಎಳೆದು ಒಳಗೆಲ್ಲ ಕತ್ತಲು. ಸರೋಜ ದಾರದ ಉಂಡೆಗಳ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಅವತ್ತು ಮೊದಲ ಸಲ ತನ್ನ ಅವ್ವನ ವಿಷಯ ಮಾತಾಡಿದಳು.

ಅವಳ ಅವ್ವನಿಗೆ ಲೇಸಿನ ಹುಚ್ಚಂತೆ. ಯಾರ ಮನೆಯ ಮದುವೆಗೆ ಹೋದರೂ ಊಟದ ಪಂಕ್ತಿ ಬಿಟ್ಟು ಅವರ ರೇಡಿಯೋದ ಬಟ್ಟೆ, ಕುರ್ಚಿಯ ಬಟ್ಟೆ ಎದುರು ಕೂತು ಮನೆ ಎಣಿಸುತ್ತಿದ್ದಳಂತೆ. ಮನೆಗೆ ಬಂದು ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಖಾಲಿ ಮನೆಗೆ ಏನೂ ಇಲ್ಲ, ತುಂಬುವ ಮನೆಗೆ ಇಂಟು ಗುರುತು. ಹಂಸ, ದ್ರಾಕ್ಷಿ ಎಲ್ಲ ಹಾಗೇ ಬಂದವು.

"ಗಿಳಿದು ಮಾತ್ರ ಅವ್ವಗ ಹೆಣ್ಯಾಕ ಆಗ್ಲಿಲ್ರಿ ಅಕ್ಕಾ," ಅಂದಳು. "ಭಾಳ ಹಳೇ ಡಿಸೈನ್ ಅದು. ತಾ ಸಣ್ಣಾಕಿದ್ದಾಗ ಹಡಗಲ್ಯಾಗ ಯಾರದೋ ದೊಡ್ಡ ಮನಿ ಬಾಗ್ಲಾಗ ನೋಡಿದ್ಲಂತ. ಹೊಟ್ಟಿಬ್ಯಾನಿ ಬಂದು ಮಲಗಿದ ಮ್ಯಾಲ ನೆನಪು ಮಾಡ್ಕೊಂಡು ಮಾಡ್ಕೊಂಡು ಬರದ್ಲು. ಎರಡು ಮನಿ ಬರಿಯೋದು, ಕಣ್ಣು ಮುಚ್ಚೋದು. ಸರೋಜಿ, ನಾ ಬರದು ಇಡ್ತೀನಿ, ನೀ ಹೆಣಿ ಅಂದ್ಲು. ನಾ ಕಡ್ಡಿ ಹಿಡಿಯೋದ್ರಾಗ ಹೋಗ್ಬಿಟ್ಲು."

ಅವಳ ಕಣ್ಣು ಒದ್ದೆಯಾಗಿತ್ತು. ನಾನು ಬೆನ್ನ ಮೇಲೆ ಕೈ ಇಟ್ಟೆ. ಅಯ್ಯೋ ಪಾಪ ಎಂದು ನಿಜವಾಗಿಯೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಅನ್ನಿಸಿತು. ಕೂಡ್ಲಿಗಿಯಲ್ಲಿ ನನ್ನ ಅವ್ವ ಗಟ್ಟಿಮುಟ್ಟಾಗಿ ಇದ್ದಳು, ಆರು ಹೆಣ್ಣುಮಕ್ಕಳ ಪೈಕಿ ನಾನು ಎಷ್ಟನೆಯವಳು ಎಂದು ಎಣಿಸಿಯೇ ಹೇಳುತ್ತಿದ್ದಳು. ನನಗಾಗಿ ಕೂತು ಒಂದು ಗೆರೆ ಎಳೆದವಳಲ್ಲ. ಸತ್ತವಳೊಬ್ಬಳು ಮಗಳಿಗೆ ಇಷ್ಟು ಕೊಟ್ಟು ಹೋಗಬಹುದಾದರೆ ಇದ್ದವಳು ನನಗೆ ಏನು ಕೊಟ್ಟಳು? ಬಸ್ಸು ಇಳಿಯುವಷ್ಟರಲ್ಲಿ ಅವಳ ದುಃಖದ ಮೇಲೂ ನನಗೆ ಹೊಟ್ಟೆಕಿಚ್ಚು ಹುಟ್ಟಿತ್ತು.

ಬಾಗಿಲ ಲೇಸಿನ ಲೆಕ್ಕ ಸರೋಜಳಿಗೆ ಬಾಯಿಪಾಠ. ಒಮ್ಮೆ ಪುಸ್ತಕ ನೋಡಿ ಹೆಣೆದಳೆಂದರೆ ಮತ್ತೆ ತೆರೆಯುವವಳಲ್ಲ. ಆದರೆ ಹಾಸಿಗೆಯ ಅಂಚು ಮೂಲೆಯಲ್ಲಿ ತಿರುಗಬೇಕು, ಗಿಳಿ ಎಲ್ಲಿ ಬರಬೇಕೆಂದು ಹೊಸದಾಗಿ ಲೆಕ್ಕ ಹಾಕಬೇಕು. ಹಾಗಾಗಿ, ತವರಿನಲ್ಲಿ ಬಾಗಿಲ ಲೇಸು ಹೆಣೆದ ಎರಡು ವರ್ಷದ ಮೇಲೆ ಆ ಪುಸ್ತಕ ಟ್ರಂಕಿನಿಂದ ಹೊರಗೆ ಬಂತು. ನಾಳೆ ಶುರು ಮಾಡುತ್ತೇನೆ ಎಂದು ಅದನ್ನು ನಡುಮನೆಯ ಗೋಡೆಯ ಗೂಡಿನಲ್ಲಿ ಇಟ್ಟು, ಕೊಡ ತೆಗೆದುಕೊಂಡು ಬೋರಿಂಗಿಗೆ ಹೋದಳು. ನೀರು ನೀನೇ ನೋಡಿಕೋ ಎಂದು ಅತ್ತೆ ನನಗೆ ಹೇಳಿದ್ದರೂ, ನನಗೆ ಕಷ್ಟವಾಗುತ್ತದೆಂದು ಕದ್ದು ತರುತ್ತಿದ್ದಳು. ಅತ್ತೆಯೂ ಪಾರ್ವತಿಯೂ ಗುಡಿಗೆ ಹೋಗಿದ್ದರು.

ನಾನು ಪುಸ್ತಕ ತೆಗೆದೆ. ಕಾಗದ ಹಳದಿಯಾಗಿತ್ತು, ಮೂಲೆಗಳು ಮಡಚಿದ್ದವು. ಕಡೆಯ ಎರಡು ಪುಟ ಸೇರಿಸಿ ಗಿಳಿಯ ಜೋಡಿ. ನನಗೆ ಆ ಲೆಕ್ಕ ಓದಲು ಬರುತ್ತಿರಲಿಲ್ಲ, ಆದರೆ ಕಣ್ಣು ಸಣ್ಣದು ಮಾಡಿ ನೋಡಿದರೆ ಎಲ್ಲಿ ರೆಕ್ಕೆ, ಎಲ್ಲಿ ಕೊಕ್ಕು ಕಾಣುತ್ತಿತ್ತು. ನನ್ನ ಮಗಳ ಪಾಟಿಚೀಲದಿಂದ ಪೆನ್ಸಿಲ್ ತಂದು, ಎಡಗಡೆಯ ಗಿಳಿಯ ಕೊಕ್ಕಿನ ತುದಿಗೆ ಹತ್ತಿದ ನಾಲ್ಕು ಖಾಲಿ ಮನೆಗಳಿಗೆ ಇಂಟು ಹಾಕಿದೆ. ಕೊಕ್ಕು ಮೊಂಡಾಗಲಿ, ಗಿಳಿ ಹೋಗಿ ಗೂಬೆಯಾಗಲಿ, ಹಗರಿಬೊಮ್ಮನಹಳ್ಳಿಯವರು ನೋಡಿ ನಗಲಿ. ಇಷ್ಟೇ ನನ್ನ ಯೋಚನೆ. ಬಲಗಡೆಯದಕ್ಕೂ ಹಾಕುವವಳಿದ್ದೆ, ಅಷ್ಟರಲ್ಲಿ ಅಂಗಳದಲ್ಲಿ ಕೊಡ ಇಳಿಸಿದ ಸದ್ದಾಯಿತು. ಪುಸ್ತಕ ಗೂಡಿಗೆ ಹೋಯಿತು, ನಾನು ಒಲೆಯ ಮುಂದೆ ಹೋದೆ.

ಆಮೇಲೆ ಕಾಯುವ ಕೆಲಸ. ಶ್ರಾವಣವೆಲ್ಲ ಸರೋಜ ಪಡಸಾಲೆಯಲ್ಲಿ ಕೂತು ಬಳ್ಳಿ ಹೆಣೆದಳು. ಒಂದು ಸಾಲು ಹೋಗುವುದು, ಒಂದು ಸಾಲು ಬರುವುದು. ನಾನು ಕಸ ಗುಡಿಸುವ ನೆವದಲ್ಲಿ ದಿನಕ್ಕೆ ನಾಲ್ಕು ಸಲ ಹಣಕಿ ನೋಡುತ್ತಿದ್ದೆ. ಗಣೇಶನ ಹಬ್ಬ ಮುಗಿದು ಹೊಲದಿಂದ ಹಸಿ ಶೇಂಗಾ ಮನೆಗೆ ಬಂದ ವಾರ ಮೊದಲ ಗಿಳಿ ಶುರುವಾಯಿತು. ಬಾಲ ಬಂತು, ರೆಕ್ಕೆ ಬಂತು, ಕತ್ತು ಬಂತು.

ಅವತ್ತು ಮಧ್ಯಾಹ್ನ ಅವಳೆದುರೇ ಶೇಂಗಾ ಬಿಡಿಸುತ್ತಾ ಕೂತಿದ್ದೆ. ಅವಳ ಕಡ್ಡಿ ನಿಂತಿತು. ಪುಸ್ತಕ ನೋಡಿದಳು, ಹೆಣಿಗೆ ನೋಡಿದಳು, ಬೆರಳಿಟ್ಟು ಎಣಿಸಿದಳು, ಮತ್ತೆ ಎಣಿಸಿದಳು. ನನ್ನ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ಅವಳು ಎದ್ದು ತಲೆಬಾಗಿಲಿಗೆ ಹೋಗಿ ಲೇಸಿನ ಕೆಳಗೆ ಕತ್ತೆತ್ತಿ ನಿಂತಳು. ತಿರುಗಿ ಬಂದಾಗ ಕಣ್ಣಲ್ಲಿ ನೀರು, ಬಾಯಲ್ಲಿ ನಗೆ.

"ಅಕ್ಕಾ, ಕಾಳು!"

"ಏನ್ ಕಾಳು?"

"ಅವ್ವ ಗಿಳಿ ಬಾಯಾಗ ಕಾಳು ಇಟ್ಟಾಳ್ರಿ. ಇಲ್ನೋಡ್ರಿ, ನಾಕು ಮನಿ. ತಾ ತಿನ್ನವಲ್ದು, ಎದುರಿನದಕ್ಕ ಕೊಡಾಕ ಹತ್ತೈತಿ. ನಾ ಕುರುಡಿ, ನೋಡೇ ಇಲ್ಲ. ಬಾಗ್ಲಾಗಿನ ಗಿಳಿಗೆ ಒಂದಕ್ಕೂ ಹಾಕಿಲ್ಲ. ಎರಡು ವರ್ಷ ಆ ಮರಿಗಳನ್ನ ಉಪಾಸ ಕುಂದ್ರಿಸೀನಿ."

ನಾನು ಪುಸ್ತಕ ನೋಡಿದೆ. ಕಣ್ಣು ಸಣ್ಣದು ಮಾಡಬೇಕಾಗಿಯೂ ಇರಲಿಲ್ಲ. ಗೂಬೆಯಾಗಬೇಕಿದ್ದ ಗಿಳಿ ಕೊಕ್ಕಿನಲ್ಲಿ ದುಂಡನೆಯ ಕಾಳು ಹಿಡಿದು ಎದುರಿನದಕ್ಕೆ ಚಾಚುತ್ತಿತ್ತು. ನಾನು ಕೆಡಿಸಲು ಹೋಗಿ, ಕೊಡದ ಸದ್ದಿಗೆ ಹೆದರಿ ಅರ್ಧಕ್ಕೆ ಬಿಟ್ಟದ್ದು, ತಾಯಿಯೊಬ್ಬಳು ಮಗಳಿಗೆ ತುತ್ತು ಕೊಟ್ಟ ಹಾಗೆ ಬಂದುಬಿಟ್ಟಿತ್ತು.

ಅಲ್ಲಿಗೇ ಮುಗಿದಿದ್ದರೆ ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಆದರೆ ಸರೋಜ ಸ್ಟೂಲು ತಂದು ಬಾಗಿಲ ಲೇಸು ಇಳಿಸಿದಳು. ಅತ್ತೆ ಒಳಗಿನಿಂದ ಓಡಿ ಬಂದರು.

"ಯಾಕವ್ವಾ, ಚಂದ ಐತಲ್ಲ, ಯಾಕ ತಗದಿ?"

"ಬಿಚ್ತೀನ್ರಿ ಅತ್ತಿ. ಅವ್ವ ಬರದಂಗ ಮತ್ತ ಹಾಕ್ತೀನಿ."

"ಹುಚ್ಚಿ ಏನು? ಯಾರಿಗ್ ಗೊತ್ತಾಗ್ತೈತಿ?"

"ನನಗ ಗೊತ್ತಾತಲ್ರಿ."

ಆ ಲೇಸು ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಣೆದದ್ದು. ಮೊದಲ ಗಿಳಿಯ ಕೊಕ್ಕು ಸಿಗಬೇಕಾದರೆ ಹೆಚ್ಚುಕಡಿಮೆ ಪೂರ್ತಿ ಬಿಚ್ಚಬೇಕು. ಅವಳು ಕಡೆಯ ಗಂಟು ಕತ್ತರಿಸಿ ದಾರದ ತುದಿ ನನ್ನ ಕೈಗೆ ಕೊಟ್ಟಳು. "ಸುತ್ತಿಕೊಳ್ರಿ ಅಕ್ಕಾ, ಸಿಕ್ಕಾಗ್ತೈತಿ."

ಯಾವ ಲೇಸು ಆ ಬಾಗಿಲಿನಿಂದ ಇಳಿಯಲಿ ಎಂದು ಯುಗಾದಿಯಿಂದ ಹಂಬಲಿಸಿದ್ದೆನೋ ಅದು ನನ್ನ ಕಣ್ಣೆದುರೇ ದಾರವಾಗಿ ಬಿಚ್ಚಿಕೊಂಡಿತು. ಅವಳು ಎಳೆದಳು, ನಾನು ಸುತ್ತಿದೆ. ಒಣಗಿದ ಗಂಜಿ ಹಿಟ್ಟಿನಂತೆ ನಮ್ಮಿಬ್ಬರ ಮಡಿಲಿಗೆ ಉದುರುತ್ತಿತ್ತು, ಅದೇ ಹುಳಿ ವಾಸನೆ. ಒಂದು ಗಿಳಿ ಹೋಯಿತು, ಎರಡು ಹೋದವು. ಮೂರನೆಯದಕ್ಕೆ ಬಂದಾಗ ನನ್ನ ಬಾಯಿ ತೆರೆಯಿತು. ಹೇಳಿಬಿಡಬೇಕು, ಈಗಲೇ ಹೇಳಿದರೆ ಅರ್ಧವಾದರೂ ಉಳಿಯುತ್ತದೆ. ಆದರೆ ಅತ್ತೆ ಅಲ್ಲೇ ನಿಂತಿದ್ದರು. ಹೇಳಿದರೆ ಏಳು ವರ್ಷ ಗಳಿಸಿದ ಹೆಸರು ನಾಲ್ಕು ಮನೆಯಲ್ಲಿ ಹೋಗುತ್ತಿತ್ತು.

"ಹಗುರಕ ಎಳಿ, ದಾರ ಹರೀತೈತಿ," ಅಂದೆ. ಬಾಯಿಂದ ಬಂದದ್ದು ಅಷ್ಟೇ.

ಬರೀ ಬಾಗಿಲು ಚಂದವಲ್ಲವೆಂದು ಅತ್ತೆ ಬಚ್ಚಲಿನಿಂದ ನನ್ನ ಮಣಿ ತೋರಣ ತರಿಸಿ ಮತ್ತೆ ಅಲ್ಲಿ ಕಟ್ಟಿಸಿದರು. ಬೇಕಾದದ್ದು ಸಿಕ್ಕಿತ್ತು. ಮದುವೆಯ ತನಕ ನಾನು ಆ ಬಾಗಿಲಲ್ಲಿ ತಲೆ ತಗ್ಗಿಸಿಯೇ ಓಡಾಡಿದೆ.

ಇಲ್ಲಿಗೆ ನನ್ನ ಹೊಟ್ಟೆಕಿಚ್ಚು ಸತ್ತಿತು ಎಂದುಕೊಳ್ಳಬೇಡಿ. ಮದುವೆ ಆಯಿತು. ಪಾರ್ವತಿಯ ಸೆಟ್ಟನ್ನು ಹಗರಿಬೊಮ್ಮನಹಳ್ಳಿಯ ಮನೆಯಲ್ಲಿ ಮಂಚಕ್ಕೆ ಹಾಸಿ ಬಂದವರಿಗೆಲ್ಲ ತೋರಿಸಿದರು. ನಾನೂ ಅಲ್ಲಿದ್ದೆ. ಹೆಂಗಸರು ಮಂಚದ ಸುತ್ತ ಬಾಗಿ ನಿಂತಿದ್ದರು. ಯಾರೂ ಬಳ್ಳಿಯನ್ನು ನೋಡಲಿಲ್ಲ, ರೆಕ್ಕೆಯನ್ನು ನೋಡಲಿಲ್ಲ.

"ಗಿಳಿ ಎಲ್ಲಾರೂ ಹಾಕ್ತಾರ. ಕಾಳು ಹಿಡದ ಗಿಳಿ ಎಲ್ಲಿ ನೋಡೀವಿ?" ಎಂದು ಒಬ್ಬಾಕೆ.

"ಯಾರ್ ತಲಿಗೆ ಹೊಳೀತವ್ವಾ ಇದು?" ಎಂದು ಬೀಗಿತಿ.

"ನಮ್ಮವ್ವಂದ್ರಿ," ಅಂದಳು ಸರೋಜ. ಯಾವತ್ತೂ ತಲೆ ತಗ್ಗಿಸಿ ಮಾತಾಡುವವಳು ಅವತ್ತು ತಲೆ ಎತ್ತಿ ಅಂದಳು.

ಅಲ್ಲೇ ಇಬ್ಬರು ಕಾಗದ ಪೆನ್ಸಿಲು ತಂದು ಮನೆ ಎಣಿಸಿ ಬರೆದುಕೊಂಡರು. ನಾನು ಗೋಡೆಗೆ ಆತು ನಿಂತಿದ್ದೆ. ಜನ್ಮದಲ್ಲಿ ಮೊದಲ ಸಲ ನನ್ನ ಕೈಯಿಂದ ಆದದ್ದನ್ನು ಊರವರೆಲ್ಲ ಬಾಯಿ ತುಂಬಾ ಹೊಗಳುತ್ತಿದ್ದರು, ಹೆಸರು ಮಾತ್ರ ಮಾಗಳದ ಸತ್ತ ಹೆಂಗಸಿನದು. ನಗು ಬರುತ್ತದೆ ಈಗ. ಅವತ್ತು ನಗು ಬರಲಿಲ್ಲ. ನಾನು ಮಾಡಿದ ಪಾಪದ ಮೇಲೂ ನನಗೆ ಹಕ್ಕಿಲ್ಲವೇ ಎಂದು ಹೊಟ್ಟೆ ಉರಿಯಿತು.

ಸಂಕ್ರಾಂತಿಯ ಹೊತ್ತಿಗೆ ಸರೋಜ ಬಾಗಿಲ ಲೇಸನ್ನು ಹೊಸದಾಗಿ ಹೆಣೆದು ಮುಗಿಸಿದಳು. ಮೂರು ಜೋಡಿ ಗಿಳಿ, ಮೂರು ಕಾಳು. ಅದು ಬಾಗಿಲಿಗೆ ಏರಿದ ಹದಿನೈದು ದಿನಕ್ಕೆ ಮೈದುನನಿಗೆ ಹೊಳಲಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಅವಳು ಟ್ರಂಕು ತುಂಬುತ್ತಿದ್ದಳು. ಬಾಗಿಲ ಲೇಸು ಅತ್ತೆಗೇ ಇರಲಿ ಎಂದು ಬಿಟ್ಟಿದ್ದಳು. ಗಂಡಸರು ಬಸ್ ಸ್ಟ್ಯಾಂಡಿಗೆ ಹಾಸಿಗೆ ಪಾತ್ರೆ ಸಾಗಿಸುತ್ತಿದ್ದರು, ಅತ್ತೆ ಬುತ್ತಿ ಕಟ್ಟುತ್ತಿದ್ದರು. ಕೋಣೆಯಲ್ಲಿ ನಾವಿಬ್ಬರೇ.

ಅವಳು ಆ ಪುಸ್ತಕವನ್ನು ಸೀರೆಯಲ್ಲಿ ಸುತ್ತುತ್ತಿದ್ದಾಗ ನನ್ನಿಂದ ತಡೆಯಲಾಗಲಿಲ್ಲ.

"ಸರೋಜಾ, ಆ ಕಾಳು ನಿಮ್ಮವ್ವ ಬರದದ್ದಲ್ಲ."

ಅವಳು ಕೈ ನಿಲ್ಲಿಸಿದಳು.

"ನಾ ಬರದದ್ದು. ನೀ ನೀರಿಗೆ ಹೋದಾಗ. ನಿನ್ನ ಲೇಸು ಕೆಡಲಿ ಅಂತ ಬರದೆ. ನನ್ನ ಮಗಳ ಪೆನ್ಸಿಲ್ಲಿಂದ."

ಹೇಳಿ ಮುಗಿಸಿ, ಅವಳು ಅಳುತ್ತಾಳೆ, ಬೈಯುತ್ತಾಳೆ, ಅತ್ತೆಯನ್ನು ಕರೆಯುತ್ತಾಳೆ ಎಂದು ನಿಂತೆ. ಹೇಳಿದ್ದು ಪಶ್ಚಾತ್ತಾಪದಿಂದಲೋ, ಪಾಲು ಕೇಳಲಿಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡೂ ಇತ್ತೆಂದು ಕಾಣುತ್ತದೆ. ಅವಳು ಮೆಲ್ಲಗೆ ಅಂದಳು.

"ಅಕ್ಕಾ, ನನ್ನ ಮ್ಯಾಲ ನಿಮಗ ಸಿಟ್ಟು ಐತಿ, ಅದು ಬಂದ ದಿನದಿಂದ ನನಗ ಗೊತ್ತೈತ್ರಿ. ಬಾಗ್ಲ ನಿಮ್ಮದು, ಮನಿ ನಿಮ್ಮದು, ಅತ್ತೀನೂ ನಿಮ್ಮವರ. ಈಗ ನಾ ಹೊಂಟೀನಲ್ರಿ. ನಮ್ಮವ್ವ ಇಟ್ಟ ಒಂದು ಕಾಳೂ ನಿಮಗ ಬೇಕೇನ್ರಿ?"

"ಸುಳ್ಳಲ್ಲವ್ವಾ, ನನ್ನ ಮಕ್ಕಳಾಣಿ..."

"ಆಣಿ ಮಾಡಬ್ಯಾಡ್ರಿ." ಅವಳು ಸೀರೆ ಬಿಡಿಸಿ ಪುಸ್ತಕ ತೆರೆದು ನನ್ನ ಮುಂದೆ ಹಿಡಿದಳು. ಸಿಟ್ಟು ಇರಲಿಲ್ಲ, ಮಗುವಿಗೆ ಅಕ್ಷರ ತೋರಿಸುವ ಹಾಗೆ ಬೆರಳಿಟ್ಟು ತೋರಿಸಿದಳು. "ನೀವ ನೋಡ್ರಿ. ಉಳದ ಇಂಟು ಎಲ್ಲ ದಪ್ಪ ಅದಾವ. ಈ ನಾಕು ಎಷ್ಟ ತೆಳ್ಳಗ, ಹೆಂಗ ನಡುಗ್ಯಾವ. ಅವ್ವನ ಕೈಯಾಗ ಅಷ್ಟೊತ್ತಿಗೆ ಶಕ್ತಿನ ಇರಲಿಲ್ರಿ. ಆಕಿ ಬರದದ್ದರಾಗ ಇವ ಕಡೀವು."

ನಾನು ನೋಡಿದೆ. ನಿಜ, ನಾಲ್ಕೂ ನಡುಗಿದ್ದವು. ಹಿಡಿದಾರು ಎಂಬ ಭಯಕ್ಕೆ ನಡುಗಿದ ನನ್ನದೇ ಕೈ ಅದು. ಅವಳು ಆ ನಾಲ್ಕರ ಮೇಲೆ ಹೆಬ್ಬೆರಳು ಒಮ್ಮೆ ಸವರಿದಳು, ಮುಟ್ಟಿದರೆ ನೋವಾದೀತು ಅನ್ನುವಷ್ಟು ಮೆತ್ತಗೆ.

ಹೊರಗೆ ಮೈದುನ ಬಸ್ಸಿನ ಹೊತ್ತಾಯಿತೆಂದು ಕೂಗಿದ. ಅವಳು ಪುಸ್ತಕವನ್ನು ಸೀರೆಗಳ ನಡುವೆ ಇಟ್ಟು ಟ್ರಂಕಿನ ಮುಚ್ಚಳ ಹಾಕಿದಳು. ತುಂಬಿದ ಟ್ರಂಕು, ಕೊಂಡಿ ಕೂಡಲಿಲ್ಲ. ಎರಡು ಸಲ ಒತ್ತಿದಳು, ಆಗಲಿಲ್ಲ. "ಸ್ವಲ್ಪ ಕುಂದ್ರಿ ಅಕ್ಕಾ" ಅಂದಳು. ನಾನು ಟ್ರಂಕಿನ ಮೇಲೆ ಕೂತು ಮೈಭಾರವೆಲ್ಲ ಬಿಟ್ಟೆ. ಕೊಂಡಿ ಬಿತ್ತು, ಅವಳು ಬೀಗ ಹಾಕಿಕೊಂಡಳು.